ದೊಡ್ಡ ಯುದ್ಧವನ್ನು ನೌಕಾಪಡೆ ನಿಜಕ್ಕೂ ಗೆಲ್ಲಿಸುತ್ತಾ?

ನೀವು ಕೇಳಿದ್ದು ಇಷ್ಟು: ಯುದ್ಧದ ಸೋಲು ಗೆಲುವು ನೆಲದ ಮೇಲೆ ತಾನೇ ತೀರ್ಮಾನ ಆಗೋದು, ಸಮುದ್ರದಲ್ಲಿ ನಾಲ್ಕು ಹಡಗು ಮುಳುಗಿಸಿದರೆ ಏನು ಬದಲಾಗುತ್ತೆ? ಬಹಳ ಬದಲಾಗುತ್ತೆ ಅನ್ನುವವನು ನಾನು.

ನಾನು ಚಿತ್ರದುರ್ಗದವನು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಸಮುದ್ರ ನಮಗೆ ದೂರ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದರೆ ಎಲ್ಲರಿಗೂ ಮೊದಲು ಓಬವ್ವನ ಕಿಂಡಿ ನೋಡಬೇಕು. ನಾನು ಮಾತ್ರ ಎಣ್ಣೆ ಕೊಳದ ಹತ್ತಿರ ನಿಲ್ಲಿಸುತ್ತೇನೆ. "ಇಷ್ಟೊಂದು ಎಣ್ಣೆ ಯಾಕೆ ಸಾರ್?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೈದರಾಲಿ 1779ರಲ್ಲಿ ಕೋಟೆ ಹಿಡಿಯುವ ಮೊದಲು ಸುಮ್ನೆ ಬಿಟ್ಟವನಲ್ಲ, ಮುತ್ತಿಗೆ ಹಾಕಿದವನು. ಹೊರಗಿನ ದಾರಿ ಮುಚ್ಚಿದ ಮೇಲೆ ಒಳಗಿನವರು ಎಷ್ಟು ದಿನ ತಡೆಯುತ್ತಾರೆ? ಕಣಜದಲ್ಲಿ ಕಾಳು, ಕೊಳದಲ್ಲಿ ಎಣ್ಣೆ, ಹೊಂಡದಲ್ಲಿ ನೀರು ಇರುವಷ್ಟು ದಿನ.

ಈಗ 1971ರ ಭಾರತ-ಪಾಕಿಸ್ತಾನ ಯುದ್ಧಕ್ಕೆ ಬನ್ನಿ. ಪೂರ್ವ ಪಾಕಿಸ್ತಾನಕ್ಕೂ (ಈಗಿನ ಬಾಂಗ್ಲಾದೇಶ) ಪಶ್ಚಿಮ ಪಾಕಿಸ್ತಾನಕ್ಕೂ ನಡುವೆ ಸುಮಾರು 1,600 ಕಿ.ಮೀ. ಭಾರತ. ಆ ವರ್ಷ ಫೆಬ್ರವರಿಯಲ್ಲೇ ಭಾರತ ತನ್ನ ಆಕಾಶದಲ್ಲಿ ಅವರ ವಿಮಾನ ಹಾರುವುದನ್ನು ನಿಲ್ಲಿಸಿತ್ತು. ಹಾಗಾಗಿ ಪೂರ್ವದ ರಾಜಧಾನಿ ಢಾಕಾದಲ್ಲಿದ್ದ ಪಾಕ್ ಸೈನ್ಯಕ್ಕೆ ಭಾರೀ ಸಾಮಾನು ಬರಬೇಕಾದರೆ ಶ್ರೀಲಂಕಾ ಸುತ್ತಿ ಹಡಗಿನಲ್ಲೇ ಬರಬೇಕು. ಅಂದರೆ ಅದೂ ಒಂದು ಕೋಟೆ, ಅದರ ಹೆಬ್ಬಾಗಿಲು ಚಿತ್ತಗಾಂಗ್ ಬಂದರು.

ಆ ಬಾಗಿಲು ಮುಚ್ಚಿದ್ದು ವಿಮಾನಗಳನ್ನು ಹೊತ್ತೊಯ್ಯುವ ನಮ್ಮ ಯುದ್ಧನೌಕೆ ವಿಕ್ರಾಂತ್. ಅದರ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ತಿ ವೇಗ ಬರುತ್ತಿರಲಿಲ್ಲ. ಆದರೂ ಡಿಸೆಂಬರ್ 4ರಿಂದ ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ವಿಕ್ರಾಂತನ್ನೇ ಹುಡುಕಿಕೊಂಡು ಬಂದಿದ್ದ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಅಷ್ಟರಲ್ಲಿ ವಿಶಾಖಪಟ್ಟಣದ ಬಳಿ ಮುಳುಗಿತ್ತು.

ನಾನು ಮಕ್ಕಳಿಗೆ ಜಾಸ್ತಿ ಹೊತ್ತು ಹೇಳೋದು ಪಶ್ಚಿಮ ಪಾಕಿಸ್ತಾನದ ಬಂದರು ಕರಾಚಿಯ ಕಥೆ. ಡಿಸೆಂಬರ್ 4ರ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ನಮ್ಮ ಮೂರು ಸಣ್ಣ ಕ್ಷಿಪಣಿ ದೋಣಿಗಳು. ಸೋವಿಯತ್ ದೇಶದಲ್ಲಿ ತಯಾರಾಗಿದ್ದು ದಡ ಕಾಯುವುದಕ್ಕೆ. ಅಷ್ಟು ದೂರ ಹೋಗಿ ಹೊಡೆಯುವುದು ಅವುಗಳ ಕೆಲಸವೇ ಅಲ್ಲ. ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ಎರಡು ದೊಡ್ಡ ಹಡಗುಗಳು. ನಿರ್ಘಾತ್ ಬಿಟ್ಟ ಕ್ಷಿಪಣಿಯ ಬೆಳಕು ಕಂಡು ಪಾಕಿಸ್ತಾನದ ಖೈಬರ್ ಹಡಗಿನವರು ವಿಮಾನ ಅಂದುಕೊಂಡು ಆಕಾಶಕ್ಕೆ ಗುಂಡು ಹಾರಿಸಿದರು. ಎರಡನೇ ಕ್ಷಿಪಣಿ ಬಿದ್ದ ಮೇಲೆ ಖೈಬರ್ ಮುಳುಗಿತು. 222 ಜನ ಹೋದರು. ಅವರೂ ಮನೆಯವರನ್ನು ಬಿಟ್ಟು ಬಂದವರೇ ಅಲ್ವಾ, ಆ ಸಂಖ್ಯೆ ಹೇಳುವಾಗ ನನಗೆ ಖುಷಿ ಆಗುವುದಿಲ್ಲ. 8ರ ರಾತ್ರಿ ವಿನಾಶ್ ಅನ್ನುವ ಇನ್ನೊಂದು ಕ್ಷಿಪಣಿ ದೋಣಿ ಮತ್ತೆ ಹೋಗಿ ಹೊಡೆಯಿತು. ನಮ್ಮ ವಾಯುಪಡೆಯೂ ಹೊಡೆದಿತ್ತು. ಕರಾಚಿಯ ಕಿಮಾರಿ ತೈಲ ಟ್ಯಾಂಕುಗಳು ದಿನಗಟ್ಟಲೆ ಉರಿದವು. ಎಣ್ಣೆ ಕೊಳಕ್ಕೇ ಬೆಂಕಿ ಬಿದ್ದ ಹಾಗೆ.

ಹಾಗಂತ ಢಾಕಾ ಗೆದ್ದದ್ದು ನೌಕಾಪಡೆ ಅಂತ ನಾನು ಹೇಳುವುದಿಲ್ಲ. ನದಿ ಮೇಲೆ ನದಿ ದಾಟಿ ಹೋದದ್ದು ಭೂಸೇನೆ, ಮೊದಲಿನಿಂದ ಹೋರಾಡಿದ್ದು ಬಾಂಗ್ಲಾದೇಶದ ಸ್ವಾತಂತ್ರ್ಯಕ್ಕೆ ನಿಂತ ಅಲ್ಲಿನವರ ಪಡೆ ಮುಕ್ತಿವಾಹಿನಿ. ಆದರೆ ಹದಿಮೂರೇ ದಿನದಲ್ಲಿ, ಡಿಸೆಂಬರ್ 16ಕ್ಕೆ, ಪಾಕಿಸ್ತಾನದ ಕಡೆಯ ಸುಮಾರು 93,000 ಜನ ಸೆರೆ ಸಿಕ್ಕರು. ಸಮುದ್ರ ತೆರೆದಿದ್ದರೆ ಹೊಸ ಸೈನ್ಯ ಬರುತ್ತಿತ್ತು, ಇಲ್ಲವೇ ಇದ್ದವರು ತಪ್ಪಿಸಿಕೊಂಡು ಹೋಗುತ್ತಿದ್ದರು. ಎರಡಕ್ಕೂ ದಾರಿ ಇರಲಿಲ್ಲ.

ಎರಡನೇ ಮಹಾಯುದ್ಧವೂ ಹೀಗೇ. ಅಟ್ಲಾಂಟಿಕ್ ದಾಟಿ ಬರುವ ಆಹಾರ, ತೈಲ ನಿಂತರೆ ಬ್ರಿಟನ್ ಕಥೆ ಮುಗಿಯುತ್ತಿತ್ತು. 1943ರ ಮೇ ತಿಂಗಳಲ್ಲಿ ನಷ್ಟ ತಾಳಲಾರದೆ ಜರ್ಮನ್ನರು ಅಲ್ಲಿಂದ ಸಬ್‌ಮರೀನುಗಳನ್ನು ಹಿಂದಕ್ಕೆ ಕರೆದರು. ಆ ದಾರಿ ಉಳಿದಿದ್ದಕ್ಕೇ 1944ರಲ್ಲಿ ನಾರ್ಮಂಡಿಗೆ ಇಳಿಯಲು ಆಯಿತು.

ಇನ್ನೊಂದು ಮಾತು. 1971ರ ಗೆಲುವು ನಮಗೂ ಪುಕ್ಕಟೆ ಸಿಗಲಿಲ್ಲ. ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹ್ಯಾಂಗೋರ್ ಸಬ್‌ಮರೀನ್ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಹೋದವರು 194 ಜನ. ನೀವು ಯಾವಾಗಲಾದರೂ ದಿಯು ಕಡೆ ಹೋದರೆ ಸಮುದ್ರದ ದಂಡೆಯಲ್ಲಿ ಅವರ ಸ್ಮಾರಕ ಇದೆ. ಗಾಜಿನ ಮನೆಯೊಳಗೆ ಹಡಗಿನ ಮಾದರಿ ಇಟ್ಟಿದ್ದಾರೆ. ಸ್ವಲ್ಪ ಹೊತ್ತು ಅಲ್ಲಿ ನಿಂತು ಬನ್ನಿ.