ಬೇಸಿಗೆ ರಜೆಯಲ್ಲಿ ಮೂರು ಕ್ಯಾಂಪ್, ಎರಡು ರೋಡ್ ಟ್ರಿಪ್ ಹೊಂದಿಸುವುದು ಹೇಗೆ?

ಇಬ್ಬರು ಮಕ್ಕಳು, ಮೂರು ಕ್ಯಾಂಪ್, ನಡುವೆ ಅಜ್ಜಿ ಊರು, ಕೊನೆಗೆ ಕಾರಲ್ಲಿ ಊಟಿ, ಊಟಿಯಿಂದ ಬಂದ ಮರುದಿನ ಬೆಳಗ್ಗೆಯೇ ಮಗಳ ಡಾನ್ಸ್ ಕ್ಯಾಂಪಿನ ಸಮಾರೋಪ. ನಿಮ್ಮ ಪ್ರಶ್ನೆ ಓದಿ ಫೋನನ್ನು ನಮ್ಮೆಜಮಾನರ ಕೈಗೆ ಕೊಟ್ಟೆ. ಓದಿ ಮುಗಿಸಿ, "ಇದನ್ನ ನೀನೇ ಬೇರೆ ಹೆಸರಲ್ಲಿ ಹಾಕಿದ್ದಾ?" ಅಂದರು.

ನಮ್ಮದು 2023ರ ಕತೆ. ಏಪ್ರಿಲ್ 11ಕ್ಕೆ ರಜೆ ಶುರು, ಮೇ 29ಕ್ಕೆ ಶಾಲೆ. ಮಗಳಿಗೆ 10, ಮಗನಿಗೆ 7. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬೆಂಗಳೂರಲ್ಲಿ ಸಮ್ಮರ್ ಕ್ಯಾಂಪ್ ಅನ್ನುವುದು ಅರ್ಧ ಮಕ್ಕಳಿಗೆ, ಇನ್ನರ್ಧ ಆಫೀಸಿಗೆ ಹೋಗುವ ಅಪ್ಪ-ಅಮ್ಮನಿಗೆ. ಅದರಲ್ಲಿ ನಾಚಿಕೆಪಡುವುದೇನಿಲ್ಲ. ಬೆಳಗ್ಗೆ 10ರಿಂದ 1ರವರೆಗೆ ಮಕ್ಕಳು ಸುರಕ್ಷಿತವಾಗಿ ಒಂದು ಕಡೆ ಇದ್ದಾರೆ ಅನ್ನುವ ನೆಮ್ಮದಿಗೇ ನಾವು ದುಡ್ಡು ಕಟ್ಟುವುದು. ಆದರೆ ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಬ್ಯಾಂಕ್ ಕೆಲಸದವಳು ನಾನು, ಎಕ್ಸೆಲ್ ಶೀಟ್ ತೆರೆದೆ. ಈಜಿಗೆ ನೀಲಿ, ಚಿತ್ರಕಲೆಗೆ ಹಸಿರು, ನಾಟಕಕ್ಕೆ ಕೆಂಪು, ಪ್ರಯಾಣಕ್ಕೆ ಹಳದಿ. ಒಂದೊಂದು ದಿನಕ್ಕೂ ಒಂದು ಚೌಕ. ಬಣ್ಣ ಬೀಳದ ಚೌಕ ಕಂಡರೆ ಕೈ ತುರಿಸುತ್ತಿತ್ತು. ಆ ತುರಿಕೆಯೇ ನಮ್ಮನ್ನು ಕೆಡಿಸಿದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಏಪ್ರಿಲ್ ಹೇಗೋ ಕಳೆಯಿತು. ಮಗನದು 21 ದಿನದ ಈಜು ಬ್ಯಾಚು. ಅದರಲ್ಲಿ ನಾಲ್ಕು ದಿನ ಶೀತ, ಮೂರು ದಿನ "ಕಿವಿ ನೋವು". ಮಗಳು ಚಿತ್ರಕಲೆ ಕ್ಯಾಂಪಿನಿಂದ ಒಟ್ಟು ಒಂಬತ್ತು ಸೂರ್ಯಾಸ್ತ ತಂದಳು.

ಮೇ 4ಕ್ಕೆ ಗದಗಕ್ಕೆ ಹೊರಟೆವು, ನಮ್ಮತ್ತೆ ಮನೆಗೆ. ಅಜ್ಜಿ ಮನೆಯಲ್ಲಿ ಸುಮ್ಮನೆ ಕೂರುವುದು ವೇಸ್ಟ್ ಅಂತ ಶೀಟಿನಲ್ಲಿ ಒಂದು ದಿನಕ್ಕೆ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ನಾಲ್ಕನ್ನೂ ತುರುಕಿದ್ದೆ. ಮೇ ತಿಂಗಳ ಬಾದಾಮಿ ಹೇಗಿರುತ್ತದೆ ಅಂತ ಗದಗದಲ್ಲೇ ಹುಟ್ಟಿ ಬೆಳೆದ ಗಂಡನಿಗೆ ಗೊತ್ತಿತ್ತು. ಹೇಳಿದರು ಕೂಡ. ನಾನು ಟೋಪಿ ಪ್ಯಾಕ್ ಮಾಡಿದ್ದೇನೆ ಅಂದೆ.

ಒಂದನೇ ಗುಹೆಯ ಹೊರಗೆ 18 ಕೈಗಳ ನಟರಾಜ ಇದ್ದಾನಲ್ಲ, ಮಗ ಅದರ ಮುಂದೆ ನಿಂತು ಬೆರಳು ಮಡಿಚುತ್ತಾ ಕೈ ಎಣಿಸತೊಡಗಿದ. ಹನ್ನೊಂದಕ್ಕೆ ತಪ್ಪಿತು, ಮತ್ತೆ ಒಂದರಿಂದ. ಎರಡನೇ ಸಲ ಹದಿನಾಲ್ಕಕ್ಕೆ ಬಂದಿದ್ದ. ನಾನು ಅವನ ರಟ್ಟೆ ಹಿಡಿದು, "ಬಾ ಪುಟ್ಟ, ಇನ್ನೂ ಮೂರು ಗುಹೆ ಇದೆ, ಆಮೇಲೆ ಐಹೊಳೆ ಬೇರೆ" ಅಂತ ಎಳೆದುಕೊಂಡು ಹೋದೆ. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, 578ನೇ ಇಸವಿಯದು, ಅದನ್ನು ಮಕ್ಕಳಿಗೆ ತೋರಿಸಬೇಕು ಅಂತ ಓದಿಕೊಂಡು ಬಂದಿದ್ದೆ. ತೋರಿಸಿದೆ. ಮಗ ಶಾಸನ ನೋಡಲಿಲ್ಲ, ಹೊರಗೆ ಯಾರದೋ ಕೈಯಿಂದ ಬಿಸ್ಕೆಟ್ ಪೊಟ್ಟಣ ಕಿತ್ತುಕೊಂಡ ಕೋತಿ ನೋಡಿದ. ಬನಶಂಕರಿ ಗುಡಿಯಲ್ಲಿ ಚಪ್ಪಲಿ ಬಿಟ್ಟು ಅಂಗಳ ದಾಟುವಾಗ ಇಬ್ಬರೂ ಕಾದ ಹಂಚಿನ ಮೇಲೆ ಕಾಲಿಟ್ಟವರ ಹಾಗೆ ಕುಣಿದರು. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಮ್ಮ ಒಬ್ಬರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಟ್ಟರು. ಇಡೀ ದಿನದಲ್ಲಿ ನಾವು ನೆಟ್ಟಗೆ ಕೂತಿದ್ದು ಆ ಇಪ್ಪತ್ತು ನಿಮಿಷ ಮಾತ್ರ. ಐಹೊಳೆ ತಲುಪುವಷ್ಟರಲ್ಲಿ ಮಕ್ಕಳು ಕಾರಿಂದ ಇಳಿಯಲೇ ಇಲ್ಲ. ಗದಗಕ್ಕೆ ವಾಪಸಾದಾಗ ನಮ್ಮತ್ತೆ ಮೊಮ್ಮಗನ ಮುಖ ನೋಡಿ, "ಕೂಸನ್ನ ಹಿಂಗ ಬಿಸಲಾಗ ತಿರುಗಿಸ್ತಾರೇನವಾ? ಒಣಗಿ ಹಪ್ಪಳ ಆಗ್ಯಾನ ನೋಡು" ಅಂದರು. 10ನೇ ತಾರೀಕು ವಿಧಾನಸಭೆ ಮತದಾನ, ಹಾಗಾಗಿ 9ಕ್ಕೇ ಬೆಂಗಳೂರಿಗೆ ವಾಪಸ್ ಓಡಿದೆವು.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

11ರಿಂದ ಮಗಳಿಗೆ ನಾಟಕದ ಕ್ಯಾಂಪ್. ಇದೊಂದು ಅವಳೇ ಕೇಳಿದ್ದು. ಅವಳಿಗೆ ಸಿಕ್ಕಿದ್ದು ಕಾಗೆ ಪಾತ್ರ. ಒಟ್ಟು ನಾಲ್ಕೇ ಮಾತು. ಶೂ ಡಬ್ಬಿಯ ರಟ್ಟು ಕತ್ತರಿಸಿ ಅವಳೇ ಕೊಕ್ಕು ಮಾಡಿಕೊಂಡಿದ್ದಳು. ಕಪ್ಪು ಪೋಸ್ಟರ್ ಕಲರ್, ಹಿಂದೆ ಎಲಾಸ್ಟಿಕ್ ದಾರ. ಪ್ರದರ್ಶನ 21ರ ಭಾನುವಾರ ಬೆಳಗ್ಗೆ 10.30ಕ್ಕೆ. 18ಕ್ಕೆ ರಿಹರ್ಸಲ್ ಮುಗಿಸಿ, ಶುಕ್ರವಾರ-ಶನಿವಾರ ಮಕ್ಕಳು ಮನೆಯಲ್ಲಿ ಆರಾಮಾಗಿರಲಿ, ಗಂಟಲು ಹಾಳುಮಾಡಿಕೊಳ್ಳೋದು ಬೇಡ ಅಂತ ಟೀಚರ್ ಮೆಸೇಜ್ ಹಾಕಿದ್ದರು. ನನ್ನ ಶೀಟಿನಲ್ಲಿ ಎರಡು ಬಿಳಿ ಚೌಕ.

ಹಳದಿ ಹಚ್ಚಿದೆ. ಊಟಿ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ, ಯಾಕೆಂದರೆ ನೀವು ಹೋಗುತ್ತಿರುವುದೂ ಅದೇ ದಾರಿ. ಊಟಿಯಿಂದ ಗೂಡಲೂರು, ಅಲ್ಲಿಂದ ಮುದುಮಲೈ ಕಾಡು, ಅದು ಮುಗಿದ ಕೂಡಲೇ ಬಂಡೀಪುರ, ಆಮೇಲೆ ಗುಂಡ್ಲುಪೇಟೆ, ಮೈಸೂರು. ಈ ಕಾಡಿನ ರಸ್ತೆಯನ್ನು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚುತ್ತಾರೆ. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು ಅಂತ 2009ರಲ್ಲಿ ಬಂದ ನಿರ್ಬಂಧ. ಇದು ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಗೊತ್ತಿತ್ತು! ಗೊತ್ತಿದ್ದೂ ಕೆಟ್ಟೆ. "ಬಂಡೀಪುರ ಗೇಟ್ 9ಕ್ಕೆ ಬಂದ್" ಅಂತ ಶೀಟಿನಲ್ಲೇ ಬರೆದುಕೊಂಡಿದ್ದೆ. ನನ್ನ ತಲೆಯಲ್ಲಿದ್ದದ್ದು ಏನೆಂದರೆ, ಗೇಟ್ ಅನ್ನುವುದು ಬಂಡೀಪುರದಲ್ಲಿದೆ, ಅದು ಗುಂಡ್ಲುಪೇಟೆ ಕಡೆಯಿಂದ ಒಳಗೆ ಹೋಗುವವರಿಗೆ; ನಾವು ಆ ಕಡೆಯಿಂದ ಬರುವವರು, ಒಂದು ಸಲ ಕಾಡಿನೊಳಗೆ ಹೊಕ್ಕರೆ ಯಾರು ತಡೆಯುತ್ತಾರೆ, ಹತ್ತಿಪ್ಪತ್ತು ನಿಮಿಷ ಆಚೀಚೆಯಾದರೆ ಬಿಡುತ್ತಾರೆ. ಮೂರೂ ತಪ್ಪು. ಮುದುಮಲೈ, ಬಂಡೀಪುರ ಎರಡೂ ಅಂಟಿಕೊಂಡ ಕಾಡುಗಳು, ಎರಡು ತುದಿಯಲ್ಲೂ ತಡೆ ಇದೆ. ಗೂಡಲೂರು ಕಡೆಯವರಿಗೆ ಅದು ಊರು ದಾಟಿದ ಸ್ವಲ್ಪ ಹೊತ್ತಿಗೇ ತೊರಪ್ಪಳ್ಳಿ ಚೆಕ್‌ಪೋಸ್ಟಿನಲ್ಲಿ. ಅಂದರೆ 9 ಗಂಟೆ ಅನ್ನುವುದು ಕಾಡಿನ ನಡುವಿನ ಟೈಮಲ್ಲ, ಕಾಡಿನ ಬಾಗಿಲ ಟೈಮು. ಮ್ಯಾಪ್ ಇದನ್ನು ಯಾವುದನ್ನೂ ಹೇಳಲಿಲ್ಲ; ಗುಂಡ್ಲುಪೇಟೆ 10.05ಕ್ಕೆ ಅಂತ ನೀಲಿ ಗೆರೆ ತೋರಿಸುತ್ತಲೇ ಇತ್ತು.

ಅವತ್ತು ಆದದ್ದು ಇಷ್ಟು. ಆ ವಾರಾಂತ್ಯ ಊಟಿಯ ಸಸ್ಯೋದ್ಯಾನದಲ್ಲಿ 125ನೇ ಫ್ಲವರ್ ಶೋ. ಹೂವಿಗಿಂತ ಹೆಚ್ಚಾಗಿ ಕೆಎ ನಂಬರ್ ಪ್ಲೇಟು ನೋಡಿದೆವು. ಮಧ್ಯಾಹ್ನ 12ಕ್ಕೆ ಹೊರಡಬೇಕಿದ್ದವರು ಲಾಡ್ಜ್ ಮುಂದಿನ ಓಣಿಯಿಂದ ಕಾರು ಹೊರಗೆ ತೆಗೆಯುವಷ್ಟರಲ್ಲಿ 4 ಗಂಟೆ. ಇಳಿಜಾರಿನ ತಿರುವುಗಳಲ್ಲಿ ಮಗ ಎರಡು ಸಲ ವಾಂತಿ ಮಾಡಿಕೊಂಡ. ಎರಡನೇ ಸಲ ಅಕ್ಕನ ಸ್ವೆಟರ್ ಮೇಲೆ. ನಡುವಟ್ಟಂ ಹತ್ತಿರ ನಿಲ್ಲಿಸಿ, ತೊಳೆದು, ಟೀ ಕುಡಿದು, ಮಂಜು ಸರಿಯಲಿ ಅಂತ ಕಾದೆವು. ಇಷ್ಟೆಲ್ಲ ಆಗಿಯೂ ಗೂಡಲೂರಿಗೆ ಬಂದಾಗ 8.15. ಸೀದಾ ಹೋಗಿದ್ದರೆ ದಾಟುತ್ತಿದ್ದೆವು. ನಾನೇ, "ಕಾಡಲ್ಲಿ ಏನೂ ಸಿಗಲ್ಲ, ಮಕ್ಕಳು ಊಟ ಮಾಡ್ಲಿ" ಅಂದೆ. ಪರೋಟ ಬರಲು ಇಪ್ಪತ್ತು ನಿಮಿಷ, ತಿನ್ನಲು ಇಪ್ಪತ್ತು ನಿಮಿಷ.

ತೊರಪ್ಪಳ್ಳಿಯಲ್ಲಿ ನಾವು ನಿಂತಾಗ 9.07. ಅಡ್ಡಗಂಬ ಬಿದ್ದಿತ್ತು. ಗಾರ್ಡ್ ಜೋರು ಮಾಡಲಿಲ್ಲ, ಬೈಯಲಿಲ್ಲ. ತಮಿಳಲ್ಲಿ ಏನೋ ಹೇಳಿ ವಾಚ್ ತೋರಿಸಿ ಕೈಯಾಡಿಸಿದ, ಅಷ್ಟೆ. ನಮ್ಮೆಜಮಾನರು ಇಳಿದು ಮಗಳ ನಾಟಕದ ವಿಷಯ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿರುವಾಗಲೇ ಹಿಂದಿನಿಂದ ಒಂದು ಬಸ್ ಬಂತು. ಆಂಬುಲೆನ್ಸ್ ಮತ್ತು ಪರವಾನಗಿ ಇರುವ ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ರಾತ್ರಿ ಬಿಡುತ್ತಾರೆ. ಕಂಬ ಎತ್ತಿದರು, ಬಸ್ ಹೋಯಿತು, ಕಂಬ ಇಳಿಯಿತು. ಮಗಳು ಕಿಟಕಿಯಿಂದ ಅದನ್ನೇ ನೋಡುತ್ತಿದ್ದವಳು, "ಅಮ್ಮಾ, ಆ ಬಸ್ಸಲ್ಲಿ ನಾನೊಬ್ಳೇ ಹೋಗ್ಬೋದಿತ್ತಾ?" ಅಂದಳು. ಕೊಕ್ಕು ಹಣೆಯ ಮೇಲೆ ಏರಿಸಿಕೊಂಡಿದ್ದಳು.

ಸುತ್ತಿ ಹೋಗುವ ದಾರಿ ಇರಲಿಲ್ಲವಾ? ಇತ್ತು. ಮಾನಂತವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಮೇಲಿಂದ ಮೈಸೂರಿಗೆ ಬರಬಹುದು, ಅದು ರಾತ್ರಿಯೂ ತೆರೆದಿರುತ್ತದೆ. ಹತ್ತಿರದ ಸುಲ್ತಾನ್ ಬತ್ತೇರಿ ರಸ್ತೆಗೆ ಹೋಗಿ ಪ್ರಯೋಜನವಿಲ್ಲ, ಅದೂ ಬಂಡೀಪುರದೊಳಗೇ ಬರುವುದು, ಅದಕ್ಕೂ ಅದೇ 9 ಗಂಟೆ. ಆದರೆ ಬೆಳಗಿನಿಂದ ಸ್ಟೀರಿಂಗ್ ಹಿಡಿದಿದ್ದ ಮನುಷ್ಯನಿಗೆ ನಿದ್ದೆಗಣ್ಣಲ್ಲಿ ರಾತ್ರಿಯಿಡೀ ಬೆಟ್ಟದ ರಸ್ತೆ ಓಡಿಸು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಒಂದು ತೀರ್ಮಾನ ಮಾತ್ರ ಸರಿಯಾಗಿತ್ತು. ಗೂಡಲೂರಲ್ಲಿ ಒಂದು ಲಾಡ್ಜ್ ಹಿಡಿದೆವು. ಬೆಳಗ್ಗೆ 5.30ಕ್ಕೆ ಗೇಟ್ ಮುಂದೆ ಹೋಗಿ ನಿಂತರೆ ನಮಗಿಂತ ಮುಂದೆ ನಲವತ್ತು ಗಾಡಿ.

ಮೈಸೂರಿನಿಂದ ಬೆಂಗಳೂರಿಗೆ ಮಾರ್ಚ್‌ನಲ್ಲಷ್ಟೇ ಉದ್ಘಾಟನೆಯಾಗಿದ್ದ ಹೊಸ ಹೆದ್ದಾರಿ, ಅಲ್ಲೇನೋ ಬೇಗ ಬಂದೆವು. ಕೆಂಗೇರಿಯಿಂದ ಈಚೆ ಮಾಮೂಲಿ. ಹಾಲ್ ಮುಟ್ಟಿದಾಗ 11.25. ಮಕ್ಕಳು ಮುಖದ ಬಣ್ಣ ತೊಳೆಯದೆ, ಸಾಲಾಗಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಮರವಾಗಿ ನಿಲ್ಲಬೇಕಿದ್ದ ಹುಡುಗಿ ಕಾಗೆಯ ಮಾತುಗಳನ್ನೂ ಹೇಳಿದ್ದಳಂತೆ, ಅವಳ ಕೊರಳಲ್ಲಿ ಅವಸರದಲ್ಲಿ ಮಡಚಿದ ಚಾರ್ಟ್ ಪೇಪರಿನ ಕೊಕ್ಕು. ಟೀಚರ್ ಒಳ್ಳೆಯವರು, ಮಗಳ ಕೆನ್ನೆಗೂ ಎರಡು ಗೀಟು ಬಣ್ಣ ಎಳೆದು ಗ್ರೂಪ್ ಫೋಟೋದಲ್ಲಿ ನಿಲ್ಲಿಸಿದರು. ಫೋಟೋ ಬಂದ ಕೂಡಲೇ ನಾನು ಸ್ಟೇಟಸ್‌ಗೆ ಹಾಕಲು ಹೋದೆ. "ಹಾಕ್ಬೇಡ, ನಾನು ಮಾಡಿಲ್ವಲ್ಲ" ಅಂದಳು.

ತಪ್ಪು ಯಾವುದು ಅಂತ ನಮ್ಮನೆಯಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಅವರು ಪರೋಟ ಅನ್ನುತ್ತಾರೆ. ನಾನೂ ಸುಮಾರು ದಿನ ಪರೋಟವನ್ನೇ ಬೈದೆ, ಆಮೇಲೆ ಮ್ಯಾಪ್ ಬೈದೆ. ಆದರೆ ನಿಜ ಹೇಳಬೇಕಂದರೆ ಎಡವಿದ್ದು ಆ ಬಿಳಿ ಚೌಕದಲ್ಲಿ. ಟೀಚರ್ ಎರಡು ದಿನ ಖಾಲಿ ಬಿಟ್ಟಿದ್ದು ಮರೆತು ಅಲ್ಲ, ಬೇಕಂತಲೇ. ಶುಕ್ರವಾರ ಹೋಗಿ ಶುಕ್ರವಾರವೇ ಬರುವ ನಂದಿಬೆಟ್ಟವೋ ಸಾವನದುರ್ಗವೋ ಹಾಕಿದ್ದರೂ ನಡೆಯುತ್ತಿತ್ತು. ಒಂದು ಪಂಚರ್, ಒಂದು ವಾಂತಿ, ಒಂದು ಟ್ರಾಫಿಕ್ ಜಾಮ್ ಆದರೂ ಉಳಿಯುವಷ್ಟು ಜಾಗ ಇಲ್ಲದ ಪ್ಲಾನನ್ನು ನಾನು ಪ್ಲಾನ್ ಅಂತ ಕರೆಯುತ್ತಿದ್ದೆ.

ನಿಮ್ಮ ಪ್ರಶ್ನೆಗೆ ಬಂದರೆ, "ಹೊಂದಿಸುವುದು ಹೇಗೆ" ಅಂತ ಕೇಳಿದ್ದೀರಿ. ಹೊಂದಿಸಬೇಡಿ. ಮೂರರಲ್ಲಿ ಒಂದು ಕ್ಯಾಂಪ್ ಇಟ್ಟುಕೊಳ್ಳಿ, ಅದು ಮಗಳು ಬಾಯಿಬಿಟ್ಟು ಕೇಳಿದ್ದಾಗಿರಲಿ. "ರಜೆ ವೇಸ್ಟ್ ಆಗಬಾರದು" ಅಂತ ಎರಡು ಸಲ ಬರೆದಿದ್ದೀರಿ. ಆಗಲಿ ಬಿಡಿ, ರಜೆ ಇರುವುದೇ ಅದಕ್ಕೆ. ಕಟ್ಟಿದ ಫೀಸು ವಾಪಸ್ ಬರಲ್ಲ ಅನ್ನುವ ಸಂಕಟ ನನಗೆ ಗೊತ್ತು, ಆದರೂ ಹೋದರೆ ಹೋಗಲಿ. ಯಾವ ಕ್ಯಾಂಪ್ ಒಳ್ಳೆಯದು ಅಂದರೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರುವುದು. ಮೈಸೂರಲ್ಲಿದ್ದಿದ್ದರೆ ಕಣ್ಣುಮುಚ್ಚಿ ರಂಗಾಯಣದ ಚಿಣ್ಣರ ಮೇಳ ಅನ್ನುತ್ತಿದ್ದೆ. ಬೆಂಗಳೂರಲ್ಲಿ ಕಬ್ಬನ್ ಪಾರ್ಕಿನ ಬಾಲಭವನದಲ್ಲೂ ಬೇಸಿಗೆ ಶಿಬಿರ ನಡೆಯುತ್ತದೆ, ವಿಚಾರಿಸಿ.

ಮರುವರ್ಷ ನಾವು ಮಕ್ಕಳನ್ನು ಮೂರು ವಾರ ಗದಗದಲ್ಲಿ ಬಿಟ್ಟೆವು. ಸ್ವರ್ಗವೇನಲ್ಲ. ಮೊದಲ ವಾರ ಬೋರು ಬೋರು ಅಂತ ದಿನಕ್ಕೆ ನಾಲ್ಕು ಫೋನು, ಎರಡನೇ ವಾರ ಇಬ್ಬರೂ ಹೊಡೆದಾಡಿಕೊಂಡಿದ್ದಕ್ಕೆ ಅತ್ತೆಯ ಫೋನು. ಮೂರನೇ ವಾರ ಫೋನೇ ಬರಲಿಲ್ಲ, ನಾವೇ ಗಾಬರಿಯಾಗಿ ಮಾಡಿದರೆ ಪಕ್ಕದ ಮನೆ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದರು. ಬಾದಾಮಿಗೆ ಆ ವರ್ಷ ಡಿಸೆಂಬರಿನಲ್ಲಿ ಹೋದೆವು, ಬಾದಾಮಿಗೆ ಮಾತ್ರ. ಮಗ ಹದಿನೆಂಟನ್ನೂ ಎಣಿಸಿದ. ಮೂರು ಸಲ.

ಊಟಿಗೆ ಹೋಗಲೇಬೇಕು ಅಂದರೆ ಡಾನ್ಸ್ ಸಮಾರೋಪ ಮುಗಿದ ಮೇಲೆ ಹೋಗಿ, ವಾರದ ನಡುವೆ ಹೋಗಿ. ವಾಪಸ್ ಬರುವ ದಿನ ಬೆಳಗ್ಗೆ ತಿಂಡಿ ತಿಂದ ಕೂಡಲೇ ಹೊರಡಿ, ಮಧ್ಯಾಹ್ನದ ಊಟ ಗುಂಡ್ಲುಪೇಟೆಯಲ್ಲಿ. ಇನ್ನೊಂದು: ನಾವು ಹೋದಾಗ ಇರಲಿಲ್ಲ, 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ನಿಮ್ಮ ಪಟ್ಟಿಯಲ್ಲಿ ಛತ್ರಿ, ಕ್ಯಾಮೆರಾ, ಉಪ್ಪಿನಕಾಯಿ ಎಲ್ಲ ಇದೆ, ಇ-ಪಾಸ್ ಕಾಣಲಿಲ್ಲ. ಹೊರಡುವ ಮೊದಲೇ ಆನ್‌ಲೈನಲ್ಲಿ ಮಾಡಿಸಿಕೊಳ್ಳಿ. ಚಿಕ್ಕವನನ್ನು ಮುಂದಿನ ಸೀಟಿನ ಹಿಂದೆ ಕೂರಿಸಬೇಡಿ, ನಡುವೆ ಕೂರಿಸಿ, ಕೈಗೊಂದು ಪ್ಲಾಸ್ಟಿಕ್ ಕವರ್ ಕೊಟ್ಟಿರಿ.