ದಿಲ್ಲಿಯ ಬಗ್ಗೆ ಕೇಳಿದಿರಿ, ಮೊದಲು ನಮ್ಮ ವಾರ್ಡಿನ ಸಂಗತಿ ಕೇಳಿ

ನೀವು ಬೆಂಗಳೂರಿನಿಂದ ಎರಡು ಪ್ರಶ್ನೆ ಕೇಳಿದ್ದೀರಿ. ಕಾಸರಗೋಡಿನ ಕನ್ನಡಿಗರಿಗೆ ಈಗಲೂ ಕರ್ನಾಟಕಕ್ಕೆ ಸೇರಬೇಕು ಅಂತ ಇದೆಯಾ? ದಿಲ್ಲಿ ರಾಜಕೀಯದಲ್ಲಿ ನಿಮ್ಮ ಊರು ಯಾರ ಕಡೆ? ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಗ್ರಾಮ ಪಂಚಾಯತಿನ ವಾರ್ಡ್ ಮೆಂಬರ್. ಯಾವ ರಂಗದಲ್ಲೂ ಇಲ್ಲ, ಸ್ವತಂತ್ರನಾಗಿ ನಿಂತು ಗೆದ್ದವನು. ಹಾಗಾಗಿ ಇಲ್ಲಿ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯ.

ನಿಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಕೇರಳದಲ್ಲಿ ವಾರ್ಡಿನಿಂದಲೇ ಪಕ್ಷ ಶುರು. ಎಡಪಕ್ಷಗಳ ಎಡರಂಗ, ಕಾಂಗ್ರೆಸ್ ಮತ್ತು ಮುಸ್ಲಿಂ ಲೀಗ್ ಇರುವ ಐಕ್ಯರಂಗ, ಬಿಜೆಪಿಯ ಎನ್‌ಡಿಎ ಮೂರೂ ಕಡೆಯವರು ಮನೆಮನೆಗೆ ಬರುತ್ತಾರೆ. ಹೀಗಾಗಿ ಒಂದು ಚರಂಡಿಗೆ ಚಪ್ಪಡಿ ಹಾಕುವ ಮಾತಿಗೂ ದಿಲ್ಲಿಯ ಹೆಸರು ಬಂದೇ ಬರುತ್ತದೆ. ಇದರಲ್ಲಿ ಒಳ್ಳೆಯದೂ ಇದೆ. ನಮ್ಮ ಜನ ಪೇಪರ್ ಓದುತ್ತಾರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು, ಅದನ್ನು ಕರೆಯುವವನು ವಾರ್ಡ್ ಮೆಂಬರೇ. ಕಳೆದ ಸಲ ಒಪ್ಪಿಕೊಂಡ ಕೆಲಸ ಯಾಕೆ ಆಗಲಿಲ್ಲ ಅಂತ ನೂರು ಜನರ ಎದುರು ಹೇಳಬೇಕು. ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದೊಂದು ಮತಕ್ಕೂ ಇಲ್ಲಿ ಎಷ್ಟು ಬೆಲೆ ಅಂತ ಹೇಳುತ್ತೇನೆ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು 89 ಮತಗಳಲ್ಲಿ. ಮದುವೆ ಊಟದ ಒಂದು ಪಂಕ್ತಿಗೆ ಕೂರುವಷ್ಟು ಜನ. 2021ರಲ್ಲೂ ಅಂತರ 745 ಮಾತ್ರ. ಆ ಸಲ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ಸದನದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಕನ್ನಡ ಇಲ್ಲಿ ಯಾವ ಒಂದು ಧರ್ಮದ, ಒಂದು ಪಕ್ಷದ ಸೊತ್ತೂ ಅಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವವರೂ ಶಾಲೆಯಲ್ಲಿ ಕನ್ನಡ ಕಲಿತವರು.

ಇನ್ನು ವಿಲೀನದ ಪ್ರಶ್ನೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ಬದುಕಿಡೀ ಇದಕ್ಕಾಗಿ ಹೋರಾಡಿದರು. ಅವರ ಮೇಲೆ ನನಗೆ ಬಹಳ ಗೌರವ ಇದೆ. ಆದರೆ ಇವತ್ತು ನನ್ನ ವಾರ್ಡಿನಲ್ಲಿ ಯಾರೂ ಆ ಬೇಡಿಕೆ ಇಟ್ಟುಕೊಂಡು ನನ್ನ ಮನೆಗೆ ಬರುವುದಿಲ್ಲ. ಅವರು ಬರುವುದು ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು.

ಮೊನ್ನೆ ಒಬ್ಬರು ಹಿರಿಯ ಅಕ್ಕ ಬಂದಿದ್ದರು. ಪೆನ್ಷನ್ ಸಿಗುವವರು ಬದುಕಿದ್ದೇವೆ ಅಂತ ತೋರಿಸಲು ಅಕ್ಷಯ ಕೇಂದ್ರಕ್ಕೆ, ಅಂದರೆ ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಕಡೆಗೆ, ಹೋಗಿ ಬೆರಳು ಒತ್ತಬೇಕು, ಅದಕ್ಕೆ ಮಸ್ಟರಿಂಗ್ ಅನ್ನುತ್ತಾರೆ. ಬೀಡಿ ಕಟ್ಟಿ ಕಟ್ಟಿ ಅವರ ಬೆರಳಿನ ಗೆರೆ ಸವೆದಿದೆ, ಮೆಷಿನ್ ಹಿಡಿಯಲಿಲ್ಲ. ಬದಲಿಗೆ ಒಂದು ನಮೂನೆ ತುಂಬಿಸಿ ತನ್ನಿ ಅಂದರಂತೆ. ನಮೂನೆ ಪೂರ್ತಿ ಮಲಯಾಳದಲ್ಲಿ. 'ಇದ್ರಲ್ಲಿ ಎಂತ ಬರ್ದಿದ್ದಾರೆ ಮೆಂಬರೇ, ನಾನು ಎಲ್ಲಿ ಸೈನು ಹಾಕ್ಬೇಕು?' ಅಂತ ಕೇಳಿದರು. ನಾನು ಓದಿ ಹೇಳಿದೆ. ಅವರು ದುಂಡಗಿನ ಕನ್ನಡ ಅಕ್ಷರದಲ್ಲಿ, ನಿಧಾನವಾಗಿ, ಪೂರ್ತಿ ಹೆಸರು ಬರೆದರು. ಅಷ್ಟು ಚಂದ ಬರೆಯಬಲ್ಲ ಮನುಷ್ಯ ತನ್ನದೇ ಪೆನ್ಷನ್ನಿನ ಕಾಗದ ಓದಲಾರದೆ ಇನ್ನೊಬ್ಬರ ಜಗಲಿಯಲ್ಲಿ ಕಾಯಬೇಕು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಶಾಲೆಯದ್ದೂ ಇದೇ ಪಾಡು. ನಮ್ಮ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದರು. ಪಾಪ, ಆ ಮೇಷ್ಟ್ರದ್ದೂ ತಪ್ಪಲ್ಲ, ಅವರಿಗೆ ಕೆಲಸ ಬೇಕು. ಆದರೆ ಮಕ್ಕಳಿಗೆ ಗಣಿತ ಯಾವ ಭಾಷೆಯಲ್ಲಿ ಹೇಳಿಕೊಡುವುದು? ತಂದೆ ತಾಯಿ ಗೇಟಿನ ಎದುರು ಕೂತರು, ನಾನೂ ಕೂತೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ರಾಜ್ಯ ಏರ್ಪಾಡು ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ, ರಾಜ್ಯಗಳ ಗಡಿ ಬದಲಾದ ವರ್ಷವೇ. ಅಂದರೆ ಗಡಿಯ ಆಚೆ ಉಳಿದವರಿಗೆ ದಿಲ್ಲಿ ಕೊಟ್ಟ ಮಾತು ಅದು.

ದಿಲ್ಲಿಯ ಬಗ್ಗೆ ನನ್ನ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ. ಎ.ಕೆ. ಗೋಪಾಲನ್ ಅವರಂಥ ದೊಡ್ಡ ಕಮ್ಯುನಿಸ್ಟ್ ನಾಯಕರನ್ನು ಸಂಸತ್ತಿಗೆ ಕಳಿಸಿದ ಕ್ಷೇತ್ರ ನಮ್ಮ ಕಾಸರಗೋಡು. ದಶಕಗಟ್ಟಲೆ ಎಡಪಕ್ಷದ ಕೈಯಲ್ಲಿತ್ತು, 2019 ಮತ್ತು 2024ರಲ್ಲಿ ಕಾಂಗ್ರೆಸ್ ಗೆದ್ದಿತು. ಉತ್ತರದ ಮಂಜೇಶ್ವರ, ಕಾಸರಗೋಡು ಭಾಗದಲ್ಲಿ ಬಿಜೆಪಿ ಗಟ್ಟಿಯಾಗಿದೆ. ಕನ್ನಡಿಗರು ಮೂರೂ ಕಡೆ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಅವರವರ ನಂಬಿಕೆ. ನನಗೆ ಬೇಜಾರು ಇರುವುದು ಬೇರೆ ಕಡೆ. ಚುನಾವಣೆ ಬಂದಾಗ ಮೂರೂ ಕಡೆಯವರು ಕನ್ನಡದಲ್ಲಿ ಭಾಷಣ ಮಾಡುತ್ತಾರೆ. ಮುಗಿದ ಮೇಲೆ 350ಎ ಏನಾಯಿತು ಅಂತ ಕೇಳುವವರು ಇಲ್ಲ. ಟಿವಿಯಲ್ಲಿ ನಡೆಯುವ ಧರ್ಮದ ಜಗಳ ಮಾತ್ರ ವರ್ಷವಿಡೀ ನಮ್ಮ ಅಂಗಡಿ ಜಗಲಿಗಳಿಗೆ ಬರುತ್ತದೆ. ನಿನ್ನೆ ತನಕ ಒಂದೇ ತೋಟದಲ್ಲಿ ಅಡಿಕೆ ಹೆಕ್ಕಿದವರು ಇವತ್ತು ಮುಖ ತಿರುಗಿಸಿಕೊಂಡು ಹೋಗುವುದನ್ನು ನೋಡಿದರೆ ತುಂಬ ನೋವಾಗುತ್ತದೆ.

ಅಡಿಕೆ ಅಂದ ಕೂಡಲೇ ನೆನಪಾಯಿತು. ದಿಲ್ಲಿಯ ಒಂದು ತೀರ್ಮಾನ ನಮ್ಮ ಅಂಗಳಕ್ಕೆ ನೇರ ಮುಟ್ಟುವುದು ಅಂದರೆ ಇದೇ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು, ಅಂದರೆ ಅದಕ್ಕಿಂತ ಅಗ್ಗದ್ದನ್ನು ಒಳಗೆ ತರದಂತೆ ತಡೆಯುವ ಬೆಲೆಯನ್ನು, 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದು ಒಳ್ಳೆಯ ಕೆಲಸ, ಹಾಗೇ ಹೇಳುತ್ತೇನೆ. ಹೆದ್ದಾರಿಯ ವಿಷಯದಲ್ಲಿ ಅಷ್ಟು ಧಾರಾಳವಾಗಿ ಹೇಳಲಾರೆ. ಕರ್ನಾಟಕ ಗಡಿಯ ತಲಪಾಡಿಯಿಂದ ಚೆಂಗಳದ ತನಕ 39 ಕಿ.ಮೀ. ಆರು ಪಥದ ರಸ್ತೆ ಬಂತು. ಮಂಗಳೂರಿಗೆ ಬೇಗ ಹೋಗಬಹುದು, ನಿಜ. ಆದರೆ ಎದುರಿಗೆ ಕಾಣುವ ರೇಷನ್ ಅಂಗಡಿಗೆ ಹೋಗಲು ಮುದುಕರು ಅಂಡರ್‌ಪಾಸ್ ಹುಡುಕಿಕೊಂಡು ದೂರ ನಡೆಯಬೇಕು. ನಕ್ಷೆ ಬರೆಯುವಾಗ ಊರಿನವರನ್ನು ಸರಿಯಾಗಿ ಕೇಳಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಆಸ್ಪತ್ರೆ. ರಾಜಧಾನಿ ತಿರುವನಂತಪುರ 500 ಕಿ.ಮೀ.ಗೂ ಆಚೆ, ವಂದೇ ಭಾರತ್ ರೈಲಿನಲ್ಲೂ ಎಂಟು ಗಂಟೆ. ಮಂಗಳೂರು ಅರ್ಧ ಗಂಟೆ, ಮುಕ್ಕಾಲು ಗಂಟೆ. ಹೆರಿಗೆ ಇರಲಿ, ಎದೆನೋವು ಇರಲಿ, ಡಯಾಲಿಸಿಸ್ ಇರಲಿ, ನಾವು ಓಡುವುದು ಅಲ್ಲಿಗೇ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಆಂಬ್ಯುಲೆನ್ಸುಗಳು ತಲಪಾಡಿಯಿಂದ ವಾಪಸು ಬಂದವು. ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಒಂದೇ ದೇಶದೊಳಗೆ, ಒಂದೇ ಭಾಷೆ ಆಡುವ ಊರುಗಳ ನಡುವೆ ಆದದ್ದು ಇದು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸ ಆಗಿತ್ತು. ಅದು ಹೇಳಿದ ಹಾಗೆ ಬೇಗ ಎದ್ದು ನಿಂತಿದ್ದರೆ ಆ ದಿನಗಳಲ್ಲಿ ಎಷ್ಟೋ ಮನೆಗಳಿಗೆ ಆಸರೆ ಆಗುತ್ತಿತ್ತು. ಇದೇ ಜಿಲ್ಲೆಯಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು, ಆ ಮನೆಗಳ ಮಕ್ಕಳು ಇವತ್ತಿಗೂ ಹಾಸಿಗೆಯಲ್ಲಿದ್ದಾರೆ. ನರರೋಗದ ಒಳ್ಳೆಯ ಆಸ್ಪತ್ರೆ ಎಲ್ಲಕ್ಕಿಂತ ಮೊದಲು ಇಲ್ಲಿಗೆ ಬರಬೇಕಿತ್ತು ಅಲ್ವಾ?

ಹಾಗಾದರೆ ನಾನು ಯಾರ ಕಡೆ? ಗಡಿಯಲ್ಲಿ ಏನೇ ಆದರೂ ರೋಗಿಯನ್ನು ತಡೆಯಬಾರದು ಅಂತ ಎರಡು ರಾಜ್ಯಗಳ ನಡುವೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಸಿ ಅಂತ ಸಂಸತ್ತಿನಲ್ಲಿ ಕೇಳುವವರಿಗೆ ನನ್ನ ಮತ. ಕನ್ನಡ ಶಾಲೆಗೆ ಕನ್ನಡ ಬಲ್ಲವರೇ ಬೇಕು ಅಂತ ತಿರುವನಂತಪುರದಲ್ಲಿ ಹಟ ಹಿಡಿಯುವವರಿಗೆ ನನ್ನ ಮತ. ಚಿಹ್ನೆ ಯಾವುದೂ ಇರಲಿ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ ಅಂತ ನಮ್ಮ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಯಾವ ಸರ್ಟಿಫಿಕೇಟ್ ಬೇಕು, ಯಾರ ಸಹಿ ಬೇಕು ಅಂತ ಬಲ್ಲವರು ಯಾರಾದರೂ ನಿಮ್ಮ ಪರಿಚಯದಲ್ಲಿ ಇದ್ದರೆ ಮುಂದಿನ ಗ್ರಾಮಸಭೆಗೆ ಕರೆದುಕೊಂಡು ಬನ್ನಿ. ಹತ್ತನೇ ಕ್ಲಾಸು, ಪ್ಲಸ್ ಟು ಮಕ್ಕಳನ್ನೂ ಅವರ ಅಪ್ಪ ಅಮ್ಮನನ್ನೂ ನಾನು ಸೇರಿಸುತ್ತೇನೆ.