ಲೂಯಿಸ್ ಬೂರ್ಜ್ವಾ ತಾಯಿಯ ನೆನಪಿನ ಶಿಲ್ಪಕ್ಕೆ ಜೇಡದ ರೂಪವನ್ನೇ ಏಕೆ ಕೊಟ್ಟರು?

ಪ್ಯಾರಿಸ್‌ನಲ್ಲಿ 1911ರಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿದ್ದ ಶಿಲ್ಪಿ ಲೂಯಿಸ್ ಬೂರ್ಜ್ವಾ 1999ರಲ್ಲಿ ರೂಪಿಸಿದ, 9 ಮೀಟರಿಗೂ ಹೆಚ್ಚು ಎತ್ತರದ ಉಕ್ಕಿನ ಜೇಡದ ಹೆಸರು ‘ಮಮಾಂ’. ಫ್ರೆಂಚ್ ಮಕ್ಕಳ ಬಾಯಲ್ಲಿ ‘ಅಮ್ಮ’. ಗೋಡೆಗೆ ತೂಗುಹಾಕುವ ಹಳೆಯ ಚಿತ್ರನೇಯ್ಗೆಗಳನ್ನು ದುರಸ್ತಿ ಮಾಡುವುದು ಅವರ ಮನೆತನದ ಉದ್ಯೋಗವಾಗಿತ್ತು. ಆ ಬಟ್ಟೆಗಳ ಕೆಳ ಅಂಚು ಸವೆದು ಚಿತ್ರದಲ್ಲಿನ ಮನುಷ್ಯರ ಪಾದಗಳೇ ಅಳಿಸಿಹೋಗಿರುತ್ತಿದ್ದವು. ಅವುಗಳನ್ನು ಮತ್ತೆ ನೇಯಲು ಅನುಕೂಲವಾಗುವಂತೆ ಪಾದಗಳನ್ನು ಬರೆದುಕೊಡುವ ಕೆಲಸ ಬಾಲಕಿ ಲೂಯಿಸ್‌ಗೆ ಬಂದಿತ್ತು. ಈ ದುರಸ್ತಿಯ ನೇಯ್ಗೆಯಲ್ಲಿ ತೊಡಗಿದ್ದ ತಾಯಿ ಜೋಸೆಫೀನ್ 1932ರಲ್ಲಿ ತೀರಿಕೊಂಡರು.

ಹರಿದುದನ್ನು ಬೇಸರವಿಲ್ಲದೆ ಮತ್ತೆ ಹೆಣೆಯುವ ಜೇಡದಲ್ಲಿ ಲೂಯಿಸ್ ಆ ತಾಯಿಯನ್ನೇ ಕಂಡರು. ಕನ್ನಡಿಗರಿಗೆ ಈ ಹೋಲಿಕೆ ಬೇಗ ಮನಮುಟ್ಟಬೇಕು, ಏಕೆಂದರೆ ನಮ್ಮಲ್ಲಿ ‘ಜೇಡ’ ಎಂಬ ಪದಕ್ಕೇ ನೇಕಾರ ಎಂಬ ಅರ್ಥವೂ ಇದೆ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ.

ಆದರೂ ಶಿಲ್ಪ ಕೇವಲ ವಾತ್ಸಲ್ಯದ ಚಿತ್ರವಲ್ಲ. ಹೊಟ್ಟೆಯಡಿಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳನ್ನು ಹೊತ್ತು, ತೆಳುವಾದ ಎಂಟು ಕಾಲುಗಳ ತುದಿಯ ಮೇಲೆ ನಿಂತಿರುವ ಅದರ ಕೆಳಗೆ ನಡೆಯುವವರಿಗೆ ಆಸರೆಯೂ ಅಳುಕೂ ಒಟ್ಟಿಗೇ ಅನುಭವಕ್ಕೆ ಬರುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಕೃತಿಯ ನಿಜವಾದ ಬಲ ಅಲ್ಲಿದೆ. ಉಕ್ಕಿನ ಮೂಲ ಶಿಲ್ಪ 2000ದಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದಲ್ಲಿ ಮೊದಲು ಪ್ರದರ್ಶನಗೊಂಡಿತು; ಇದರ ಕಂಚಿನ ಎರಕಗಳು ಇಂದು ಬಿಲ್ಬಾವ್, ಒಟ್ಟಾವಾ ಮತ್ತು ಟೋಕಿಯೊ ನಗರಗಳಲ್ಲಿವೆ.